ದೊಡ್ಡಕರುಳಿನ ಕ್ಯಾನ್ಸರ್ ಮತ್ತು ಊಟದ ಕೊಬ್ಬು: ಸೂರ್ಯಕಾಂತಿ ಎಣ್ಣೆಯೋ, ಬಂಗುಡೆಯೋ, ಅಗಸೆಯೋ?

ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿರುವುದು ಒಮೆಗಾ-6 ಬಗೆಯ ಕೊಬ್ಬಿನಾಮ್ಲವಾದ ಲಿನೋಲಿಕ್ ಆಮ್ಲ. ಅದರ ಅಲ್ಪ ಪಾಲು ದೇಹದಲ್ಲಿ ಅರಾಕಿಡೋನಿಕ್ ಆಮ್ಲವಾಗುತ್ತದೆ. ಅದರಿಂದ ಕಾಕ್ಸ್-2 ಕಿಣ್ವ ತಯಾರಿಸುವ ಪ್ರೊಸ್ಟಗ್ಲಾಂಡಿನ್ ಇ2 ಎಂಬ ಹಾರ್ಮೋನಿನಂಥ ವಸ್ತು ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ. ಬಂಗುಡೆ, ಬೂತಾಯಿ ಮೀನುಗಳಲ್ಲಿರುವ ಇಪಿಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಅದೇ ಕಿಣ್ವಕ್ಕಾಗಿ ಪೈಪೋಟಿಗಿಳಿದು ಈ ತಯಾರಿಕೆಯನ್ನು ತಗ್ಗಿಸುತ್ತದೆ.

ಅಗಸೆಯಲ್ಲೂ ಒಮೆಗಾ-3 ಧಾರಾಳ, ಆದರೆ ಇಪಿಎ ಆಗಿ ಬದಲಾಗುವುದು ಸ್ವಲ್ಪವೇ. ಆದರೂ ಅಗಸೆ ಚಟ್ನಿಪುಡಿಯನ್ನು ನಾನು ಬಿಡುವುದಿಲ್ಲ: ಅದರ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ. ಈ ಪುಟ್ಟ ಕೊಬ್ಬಿನಾಮ್ಲ ಕರುಳಿನ ಆರೋಗ್ಯವಂತ ಕೋಶಕ್ಕೆ ಆಹಾರ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಕ್ಕೆ ತಡೆ.

ಮೀನೆಣ್ಣೆ ಗುಳಿಗೆಯೋ? 2018ರಲ್ಲಿ ಪ್ರಕಟವಾದ, 25,871 ಜನರ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 1 ಗ್ರಾಂ ಒಮೆಗಾ-3 ಕ್ಯಾನ್ಸರನ್ನು ತಗ್ಗಿಸಲಿಲ್ಲ. ಆ ದುಡ್ಡು ಮೀನಿಗಿರಲಿ. ಸೂರ್ಯಕಾಂತಿಯನ್ನು ಅಡುಗೆಮನೆಯಿಂದ ಓಡಿಸಬೇಕಿಲ್ಲ. ಮನುಷ್ಯರಲ್ಲಿ ಅದು ದೊಡ್ಡಕರುಳಿನ ಕ್ಯಾನ್ಸರ್ ತರುತ್ತದೆಂದು ಸಾಬೀತಾಗಿಲ್ಲ.