ಫೈಬರ್ ಬಂತು, ಗೋಡೆಯೊಳಗಿನ ಹಳೆಯ ವೈರನ್ನು ಏನು ಮಾಡುವುದು?

ಸಾಗರದ ನಮ್ಮ ಮನೆಗೆ ಫೈಬರ್ ಎಳೆಯಲು ಬಂದ ಹುಡುಗ ಮೊದಲು ಹೇಳಿದ್ದೇ ಇದು: "ಹಳೆಯ ವೈರು ಇನ್ನು ಯಾವುದಕ್ಕೂ ಬರುವುದಿಲ್ಲ ಸಾರ್, ಕಿತ್ತು ಹಾಕಿ." 1996ರಲ್ಲಿ ಮನೆ ಕಟ್ಟಿಸುವಾಗ ಅಪ್ಪ ಜಗಲಿಯಿಂದ ನಡುಮನೆಗೂ ಮಹಡಿಯ ಕೋಣೆಗೂ ಪಿವಿಸಿ ಪೈಪ್ ಹುಗಿಸಿ, ಅದರೊಳಗೆ ನಾಲ್ಕೆಳೆಯ ಟೆಲಿಫೋನ್ ವೈರು ಓಡಿಸಿದ್ದರು. ಕಿತ್ತು ಹಾಕಲು ಮನಸ್ಸು ಬರಲಿಲ್ಲ. ಇದ್ದದ್ದನ್ನೇ ಬಳಸುವ ದಾರಿಗಳನ್ನು ಒಂದೊಂದಾಗಿ ಪ್ರಯೋಗಿಸಿದೆ.

ಫೋನಿನ ಮಟ್ಟಿಗೆ ಆ ಹುಡುಗನ ಮಾತು ಪೂರ್ತಿ ತಪ್ಪು. ಫೈಬರ್ ಮೋಡೆಮ್‌ನ ಹಿಂಬದಿಯಲ್ಲಿ ಫೋನಿಗೆಂದೇ ಸಣ್ಣ ಕಿಂಡಿಯೊಂದಿದೆ. ಅಲ್ಲಿಂದ ಒಂದು ತುಂಡು ವೈರನ್ನು ಜಗಲಿಯ ರೋಸೆಟ್ ಪೆಟ್ಟಿಗೆಗೆ (ಹೊರಗಿನ ಫೋನ್ ಲೈನು ಮನೆಯ ವೈರಿಗೆ ಸೇರುವ ಪುಟ್ಟ ಡಬ್ಬಿ) ಕೊಟ್ಟರೆ, ಹಿಂದೆ ಹೊರಗಿನಿಂದ ಬರುತ್ತಿದ್ದ ಸಂಪರ್ಕ ಈಗ ಒಳಗಿನಿಂದಲೇ ಮನೆಯೆಲ್ಲ ಹರಡುತ್ತದೆ. ಆದರೆ ಅದಕ್ಕೂ ಮೊದಲು ಕಂಬದಿಂದ ಬರುವ ತಾಮ್ರದ ಜೋಡಿಯನ್ನು ರೋಸೆಟ್‌ನಿಂದ ಬಿಚ್ಚಿ, ತುದಿಗೆ ಟೇಪ್ ಸುತ್ತಲೇಬೇಕು. ಜೀವವಿರುವ ಹಳೆಯ ಲೈನಿನಲ್ಲಿ 48 ವೋಲ್ಟ್ ಡಿಸಿ ಇರುತ್ತದೆ, ಗಂಟೆ ಬಾರಿಸುವಾಗ ಇನ್ನೂ ಹೆಚ್ಚು. ಅದು ಮೋಡೆಮ್‌ನ ಕಿಂಡಿಗೆ ಹೊಕ್ಕರೆ ಹೊಸ ಪೆಟ್ಟಿಗೆ ಸುಟ್ಟೀತು. ನಮ್ಮ ಮಲೆನಾಡಿನಲ್ಲಿ ಮುಂಗಾರಿಗೆ ಮುಂಚಿನ ಸಿಡಿಲು ಮನೆಯೊಳಗೆ ನುಗ್ಗುವುದೂ ಇದೇ ತಾಮ್ರದ ದಾರಿಯಲ್ಲಿ.

ರೋಸೆಟ್ ಮುಚ್ಚಳ ತೆಗೆದಾಗ ಹಲ್ಲಿ ಮೊಟ್ಟೆಯ ಒಣ ಸಿಪ್ಪೆ ಉದುರಿತು. ತಿರುಪಿನ ಕೆಳಗಿದ್ದ ತಾಮ್ರ ಕಪ್ಪಗೆ ಹಿಡಿದಿತ್ತು. ಒಂದು ಅಂಗುಲ ಕತ್ತರಿಸಿ ಸಿಪ್ಪೆ ಸುಲಿದಾಗ ಒಳಗೆ ಹೊಸ ನಾಣ್ಯದಂತೆ ಕೆಂಪಗೆ ಹೊಳೆಯುವ ಲೋಹ! ಅದನ್ನು ಬಿಗಿದ ಮೇಲೆ ನಡುಮನೆಯ ಫೋನಿನಲ್ಲಿ ಕರಕರ ಸದ್ದೇ ಇಲ್ಲ. ಫೋನಿನ ಅಡಿಯಲ್ಲಿದ್ದ, ಡಯಲ್ ಮಾಡುವ ಬಗೆ ಬದಲಿಸುವ ಗುಂಡಿಯನ್ನು ಪಲ್ಸ್‌ನಿಂದ ಟೋನ್‌ಗೆ ಸರಿಸಬೇಕಾಯಿತು, ಅಷ್ಟೆ. ಅಮ್ಮನಿಗೆ ಅದೇ ಜಾಗದಲ್ಲಿ ಅದೇ ಫೋನು.

ಇಂಟರ್ನೆಟ್‌ನ ಕತೆ ಬೇರೆ. ಮಹಡಿಯ ಕೋಣೆಯಲ್ಲಿ ನನ್ನ ಕೆಲಸದ ಮೇಜಿದೆ, ಜಗಲಿಯ ವೈಫೈ ಎರಡು ಗೋಡೆ ಮತ್ತು ಒಂದು ತಾರಸಿ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ನಮ್ಮ ಪ್ಲಾನಿನ ವೇಗ 150 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್).

ಮಹಡಿಗೆ ಹೋಗುವ ಟೆಲಿಫೋನ್ ವೈರಿನಲ್ಲಿ ನಾಲ್ಕೆಳೆ, ಅಂದರೆ ಎರಡು ಜೋಡಿ, ಇದ್ದುದರಿಂದ ಆಸೆ ಹುಟ್ಟಿತು. ವೈರಿನ ಮೂಲಕ ಇಂಟರ್ನೆಟ್ ಸಾಗಿಸುವ ಈಥರ್ನೆಟ್‌ಗೆ 100 ಎಂಬಿಪಿಎಸ್ ವೇಗದಲ್ಲಾದರೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕು ಜೋಡಿಯೂ ಬೇಕು. ನಾಲ್ಕೆಳೆಗಳನ್ನು ಈಥರ್ನೆಟ್ ಪ್ಲಗ್ಗಿನ 1, 2, 3, 6ನೇ ಪಿನ್ನುಗಳಿಗೆ ಕೂರಿಸಿದೆ. ಸಂಪರ್ಕವೇನೋ ಬಂತು! ಸಂಜೆಯ ವೇಳೆಗೆ ತಾನಾಗಿಯೇ 10ಕ್ಕೆ ಇಳಿಯಿತು. ಈ ವೈರಿನ ಎಳೆಗಳಲ್ಲಿ ಒತ್ತಾದ ಹೊಸೆತವಿಲ್ಲ, ಪಕ್ಕದ ಕರೆಂಟಿನ ಗದ್ದಲ ಒಳಗೆ ಸೇರಿಕೊಳ್ಳುತ್ತದೆ. ನಾಲ್ಕು ದಿನ ನೋಡಿ ಬಿಚ್ಚಿದೆ.

ಕರೆಂಟಿನ ವೈರಿನಲ್ಲೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿ ಹಾಕುವುದು ಎಲ್ಲಕ್ಕಿಂತ ಸುಲಭ: ಕೆಳಗೊಂದು, ಮೇಲೊಂದು. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸದೆ ನೇರವಾಗಿ ಗೋಡೆಗೆ ಸಿಕ್ಕಿಸಿದಾಗ 60ರ ಆಸುಪಾಸು ಸಿಕ್ಕಿತು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ವೀಡಿಯೊ ಕರೆ ತಡವರಿಸುತ್ತಿತ್ತು. ಮಹಡಿಯ ಪ್ಲಗ್ಗಿಗೆ ಇನ್ವರ್ಟರ್ ಸಂಪರ್ಕವಿಲ್ಲ, ಹಾಗಾಗಿ ಕರೆಂಟು ಹೋದೊಡನೆ ಇಂಟರ್ನೆಟ್ಟೂ ಹೋಯಿತು. ಮಳೆಗಾಲದಲ್ಲಿ ನಮ್ಮೂರಿಗೆ ಇದು ಹೊಂದುವುದಿಲ್ಲ. ಬಾಡಿಗೆ ಮನೆಯಲ್ಲಿ, ಗೋಡೆ ಮುಟ್ಟುವಂತಿಲ್ಲದವರಿಗೆ ಮಾತ್ರ ಸೈ ಎನ್ನುತ್ತೇನೆ.

ಅಮೆರಿಕದಿಂದ ಬಂದಿದ್ದ ಭಾವ, ಇಂಟರ್ನೆಟ್ ಸಾಗಿಸಲು ಅಲ್ಲಿ ಕೇಬಲ್ ಟಿವಿಯ ವೈರಿಗೆ ಹಾಕುವ ಮೋಕಾ ಅಡಾಪ್ಟರುಗಳನ್ನು ತಂದುಕೊಟ್ಟಿದ್ದರು. ಬಳಕೆಯಲ್ಲಿಲ್ಲದ ಟಿವಿ ವೈರಿನಲ್ಲಿ ಪೂರ್ತಿ 150 ಬಂತು, ಅದ್ಭುತ. ಆದರೆ ಅದೇ ವೈರಿನಲ್ಲಿ ಡಿಟಿಎಚ್ ಇದ್ದರೆ ಆಸೆ ಬಿಡಿ, ಎರಡಕ್ಕೂ ಬೇಕಾದ ತರಂಗಾಂತರಗಳು ಒಂದರ ಮೇಲೊಂದು ಬೀಳುತ್ತವೆ. ನಮ್ಮ ವೈರು ಮುಗಿಯುವುದೂ ಟಿವಿ ಕೋಣೆಯಲ್ಲಿ, ನನ್ನ ಮೇಜಿನ ಬಳಿಯಲ್ಲ.

ಕೊನೆಗೆ ಗೆದ್ದದ್ದು ಅಪ್ಪ ಹಾಕಿಸಿದ ಪೈಪ್. ಮಹಡಿಯ ತುದಿಯಲ್ಲಿ ಹಳೆಯ ವೈರಿಗೆ ಕ್ಯಾಟ್6 ಕೇಬಲನ್ನೂ (ನಾಲ್ಕು ಜೋಡಿಯಿರುವ ಈಥರ್ನೆಟ್ ಕೇಬಲ್), ಮುಂದೆ ಬೇಕಾದೀತೆಂದು ಒಂದು ನೈಲಾನ್ ದಾರವನ್ನೂ ಕಟ್ಟಿ, ಗಂಟಿನ ಮೇಲೆ ನುಣ್ಣಗೆ ಟೇಪ್ ಸುತ್ತಿ, ಪೌಡರ್ ಸವರಿದೆ. ಎಲೆಕ್ಟ್ರಿಷಿಯನ್ ಕೆಳಗಿನಿಂದ ಹಳೆಯದನ್ನು ಎಳೆದ, ನಾನು ಮೇಲಿನಿಂದ ಹೊಸದನ್ನು ಸುರುಳಿ ಬಿಚ್ಚುತ್ತ ಒಳಗೆ ಬಿಟ್ಟೆ. ಮೆಟ್ಟಿಲ ತಿರುವಿನಲ್ಲಿ ಒಮ್ಮೆ ಸಿಕ್ಕಿಕೊಂಡಾಗ ಉಸಿರೇ ನಿಂತಂತಾಯಿತು. ತುಸು ಹಿಂದಕ್ಕೆಳೆದು ಮತ್ತೆ ಎಳೆದಾಗ ಜಾರಿ ಬಂತು. ಇಪ್ಪತ್ತು ನಿಮಿಷದ ಕೆಲಸ, ಗೋಡೆಗೆ ಒಂದು ಗೀರೂ ಬೀಳಲಿಲ್ಲ. ಪೂರ್ತಿ ವೇಗ ಮಹಡಿಗೂ ಬಂದಿದೆ. ಅಲ್ಲಿನ ಹಳೆಯ ಫೋನ್ ಸಂಪರ್ಕ ಹೋಯಿತು, ಅದನ್ನು ಬಳಸುವವರು ಹೇಗೂ ಇರಲಿಲ್ಲ.

ಒಂದು ಎಚ್ಚರಿಕೆ. ತಾಮ್ರದ ಲೈನಿಗೆ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಫೈಬರಿನಲ್ಲಿ ಮೋಡೆಮ್ ಆರಿದರೆ ಅಮ್ಮನ ಫೋನೂ ಸತ್ತಂತೆ. ಆದ್ದರಿಂದ ಮೋಡೆಮ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಜೋಡಿಸಿದ್ದೇನೆ. ವಯಸ್ಸಾದವರಿರುವ ಮನೆಯಲ್ಲಿ ಕೇಬಲ್ ಕೊಳ್ಳುವ ಮೊದಲೇ ಇದನ್ನು ಕೊಳ್ಳಿ.