ಕಲಬುರಗಿಯ ಬಿಸಿಲಿನಲ್ಲಿ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್: ಹನ್ನೆರಡು ರೀಲುಗಳ ಅನುಭವ

ಒಂದೂವರೆ ವರ್ಷದಲ್ಲಿ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಕಪ್ಪುಬಿಳುಪು ಫಿಲ್ಮಿನ ಹನ್ನೆರಡು ರೀಲುಗಳನ್ನು ಕಲಬುರಗಿಯಲ್ಲಿಯೇ ಬಳಸಿ, ಮನೆಯ ಬಚ್ಚಲಿನಲ್ಲಿ ತೊಳೆದು, ಅಲ್ಲಿಯೇ ಪ್ರಿಂಟು ಹಾಕಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಮೋಬರ್ಲಿಯಲ್ಲಿ ತಯಾರಾಗುವ ಈ ಫಿಲ್ಮು 1989ರಿಂದ ಮಾರುಕಟ್ಟೆಯಲ್ಲಿದೆ. ಇದರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, 400 ಐಎಸ್‌ಒ; 35 ಎಂಎಂ ರೀಲಿಗೆ 36 ಚಿತ್ರಗಳು. ನನಗೆ ಒಂದು ರೀಲು ಸಾವಿರ ರೂಪಾಯಿಗೆ ಅತ್ತಿತ್ತ ಬಿದ್ದಿದೆ, ಅಂದರೆ ಬಟನ್ ಒತ್ತಿದಾಗಲೆಲ್ಲ ಇಪ್ಪತ್ತೇಳು ಇಪ್ಪತ್ತೆಂಟು ರೂಪಾಯಿ.

ಇಷ್ಟು ಖರ್ಚು ಮಾಡುವ ಹುಚ್ಚು ನನಗೆ ಕಾಕಾನಿಂದ ಬಂದದ್ದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಸಿಗುತ್ತಿದ್ದ ಕಾಲದಲ್ಲಿ ಅವರು ರಾತ್ರಿ ಊಟವಾದ ಮೇಲೆ ಬಚ್ಚಲಿನಲ್ಲಿ ಕೆಂಪು ಬಲ್ಬು ಹಾಕಿ ಕೂರುತ್ತಿದ್ದರು. ಬಾಗಿಲ ಸಂದಿಗೆ ಕೌದಿ ತುರುಕುವುದು ನನ್ನ ಪಾಲಿನ ಕೆಲಸವಾಗಿತ್ತು. ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ರಾಸಾಯನಿಕದ ವಾಸನೆಯ ಕೈಯಿಂದ ರೊಟ್ಟಿ ಬುಟ್ಟಿ ಮುಟ್ಟಬಾರದೆಂದು ಅವ್ವ ಇಬ್ಬರನ್ನೂ ಬೈಯುತ್ತಿದ್ದಳು. ನೆಗೆಟಿವನ್ನು ದೊಡ್ಡದಾಗಿಸಿ ಕಾಗದದ ಮೇಲೆ ಬೀಳಿಸುವ ಅವರ ಎನ್‌ಲಾರ್ಜರ್ ಈಗಲೂ ಅದೇ ಶಹಾಬಾದ್ ಫರ್ಸಿಯ ಕಟ್ಟೆಯ ಮೇಲಿದೆ. ಮನೆಯಲ್ಲಿ ಯಾರು ಓಡಾಡಿದರೂ ಆ ಕಲ್ಲು ಅಲುಗುವುದಿಲ್ಲ. ಡಾರ್ಕ್‌ರೂಮಿಗೆ ಅದಕ್ಕಿಂತ ಒಳ್ಳೆಯ ಮೇಜನ್ನು ನಾನು ಕಂಡಿಲ್ಲ.

ಫಿಲ್ಮಿನ ನಿಜವಾದ ಗುಣ ತಿಳಿದದ್ದು ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ. 1367ರ ಈ ಕಟ್ಟಡಕ್ಕೆ ನಡುವೆ ತೆರೆದ ಅಂಗಳವಿಲ್ಲ, ಇಡೀ ಪ್ರಾರ್ಥನಾ ಸ್ಥಳಕ್ಕೆ ಛಾವಣಿಯಿದೆ. ಆದ್ದರಿಂದ ಬೆಳಕು ಪಕ್ಕದ ಅಗಲವಾದ ಕಮಾನುಗಳಿಂದ ಮಾತ್ರ ನುಸುಳಿ, ಒಳಗೆ ಹೋದಂತೆ ಮಬ್ಬಾಗುತ್ತದೆ. ನನ್ನ ಯಾಷಿಕಾ ಎಲೆಕ್ಟ್ರೊ 35 ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 2.8ರಷ್ಟು ಅಗಲ ತೆರೆದಾಗ, ಕೈ ನಡುಗಿ ಚಿತ್ರ ಅಲುಗುವಷ್ಟು ಶಟರ್ ನಿಧಾನವಾಯಿತೆಂದು ಎಚ್ಚರಿಸುವ ಹಳದಿ ದೀಪ ಹತ್ತಲಿಲ್ಲ. ಪ್ರಿಂಟಿನಲ್ಲಿ ಕಮಾನಿನ ಒಳಮೈಯ ಗಾರೆಯೂ ಉಳಿದಿತ್ತು, ಹೊರಗಿನ ಬಿಸಿಲೂ ಪೂರ್ತಿ ಬಿಳಿಚಿಕೊಂಡಿರಲಿಲ್ಲ. ಎರೆಹೊಲದ ಬದುವಿನಲ್ಲಿ ಬಿಳಿ ಧೋತರ ಉಟ್ಟು ನಿಂತವರನ್ನು ತೆಗೆದಾಗಲೂ ಧೋತರದ ನಿರಿಗೆ ಮತ್ತು ಕಪ್ಪು ಮಣ್ಣಿನ ಹೆಂಟೆ ಎರಡೂ ಒಂದೇ ಪ್ರಿಂಟಿನಲ್ಲಿ ಬಂದವು. ಶರಣಬಸವೇಶ್ವರ ಜಾತ್ರೆಯ ಸಂಜೆಗೆ ಫಿಲ್ಮಿನ ವೇಗ 800 ಎಂದೇ ಲೆಕ್ಕ ಹಿಡಿದು ತೆಗೆದು, ಚಿತ್ರ ಮೂಡಿಸುವ ಐಡಿ-11 ಡೆವಲಪರಿನಲ್ಲಿ 20 ಡಿಗ್ರಿಗೆ ಹತ್ತೂವರೆ ನಿಮಿಷ ತೊಳೆದೆ. ಕಣಗಳು ರವೆಯಂತೆ ಎದ್ದು ಕಂಡರೂ ಮುಖಗಳು ಕೆಡಲಿಲ್ಲ.

ದೋಷವೆಂದರೆ ಅದೇ 400ರ ವೇಗ. ನಮ್ಮ ನಡುಹಗಲಿನ ಬಿಸಿಲಿಗೆ ಲೆನ್ಸನ್ನು ಎಫ್ 16ಕ್ಕೆ ಮುಚ್ಚಿದರೂ 1/500 ಸೆಕೆಂಡಿನ ಶಟರ್ ಬೇಕಾಗುತ್ತದೆ, ನನ್ನ ಕ್ಯಾಮೆರಾದ ಗರಿಷ್ಠ ವೇಗವೂ ಅಷ್ಟೇ. ಸ್ವಲ್ಪ ತೆರೆದರೆ ಬೆಳಕು ಹೆಚ್ಚಾಯಿತೆಂದು ಕೆಂಪು ದೀಪ ಹತ್ತುತ್ತದೆ, ಹೀಗಾಗಿ ಲೆನ್ಸನ್ನು ಅಗಲ ತೆರೆದು ಹಿನ್ನೆಲೆಯನ್ನು ಮಸುಕು ಮಾಡುವ ಆಸೆಯನ್ನು ಹಗಲಿನಲ್ಲಿ ಬಿಡಬೇಕು. ಹಳದಿ ಫಿಲ್ಟರ್ ಹಾಕಿದರೆ ಒಳಬರುವ ಬೆಳಕು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ತಗ್ಗುತ್ತದೆ, ಆಕಾಶವೂ ಗಾಢವಾಗುತ್ತದೆ. ಆದರೆ ಈ ಕ್ಯಾಮೆರಾದ ಮೀಟರಿನ ಕಣ್ಣು ಲೆನ್ಸಿನಾಚೆ ಇರುವುದರಿಂದ ಡಯಲನ್ನು ನಾವೇ 200ಕ್ಕೆ ತಿರುಗಿಸಬೇಕು. ನಾನು ಇದನ್ನು ಮರೆತು ಬೆಳಕು ಸಾಲದೆ ಅರ್ಧ ರೀಲಿನ ನೆಗೆಟಿವ್ ತೆಳುವಾಗಿಸಿಕೊಂಡಿದ್ದೇನೆ.

ಇಲ್ಲಿ ತೊಳೆಯುವವರ ಮುಖ್ಯ ಶತ್ರು ನೀರು. ಐಡಿ-11ನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷವೆಂಬುದು ತಯಾರಕರ ಲೆಕ್ಕ. ಆದರೆ ಮೇ ತಿಂಗಳಿನಲ್ಲಿ ನಮ್ಮ ಮಾಳಿಗೆಯ ಟ್ಯಾಂಕಿಯಿಂದ ಇಳಿಯುವ ನೀರು 35 ಡಿಗ್ರಿಯನ್ನೂ ದಾಟಿರುತ್ತದೆ. ಅಷ್ಟು ಬಿಸಿಯಲ್ಲಿ ಸಮಯ ಐದು ನಿಮಿಷಕ್ಕಿಂತ ಕೆಳಗಿಳಿದು ಡೆವಲಪಿಂಗ್ ಸಮನಾಗಿ ಆಗುವುದಿಲ್ಲ. ನಾನು ಕಂಡುಕೊಂಡ ಉಪಾಯ ಮಣ್ಣಿನ ಗಡಿಗೆ. ನಮ್ಮ ಗಾಳಿ ಒಣಗಿದ್ದಷ್ಟೂ ಗಡಿಗೆಯ ನೀರು ಬೇಗ ತಣ್ಣಗಾಗುತ್ತದೆ, ಹೀಗಾಗಿ ರಾತ್ರಿ ಮಾಳಿಗೆಯ ಮೇಲಿಟ್ಟ ಗಡಿಗೆ ಬೆಳಗ್ಗೆ 24 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಡೆವಲಪರಿಗೆ ಸಮಪಾಲು ನೀರು ಬೆರೆಸಿ ಸುಮಾರು ಒಂಬತ್ತು ನಿಮಿಷ ತೊಳೆದರೆ ಹಿಡಿತ ಸಿಗುತ್ತದೆ. ಹೈಪೋ ಮತ್ತು ತೊಳೆಯುವ ನೀರನ್ನೂ ಅದೇ ಗಡಿಗೆಯಿಂದಲೇ ತೆಗೆದುಕೊಳ್ಳುತ್ತೇನೆ. ಮಂಜುಗಡ್ಡೆ ಹಾಕುವವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿನ ಬುಟ್ಟಿಯಲ್ಲಿಡಬೇಕು, ಡೆವಲಪರಿನೊಳಗೆ ಹಾಕಿದರೆ ಅದು ತೆಳುವಾಗುತ್ತದೆ. ಒಮ್ಮೆ ಥರ್ಮಾಮೀಟರ್ ನೋಡದೆ 28 ಡಿಗ್ರಿಗೆ ತೊಳೆದುಬಿಟ್ಟೆ. ನೆಗೆಟಿವ್ ದಟ್ಟವಾಯಿತು, ಆದರೂ ಎನ್‌ಲಾರ್ಜರಿಗೆ ಕಪ್ಪುಬಿಳುಪಿನ ಅಂತರ ತಗ್ಗಿಸುವ ಕಡಿಮೆ ಗ್ರೇಡಿನ ಫಿಲ್ಟರ್ ಹಾಕಿ ಒಳ್ಳೆಯ ಪ್ರಿಂಟು ತೆಗೆಯಲು ಸಾಧ್ಯವಾಯಿತು. ಈ ಕ್ಷಮಾಗುಣಕ್ಕಾಗಿಯೇ ಹೊಸಬರಿಗೆ ನಾನು ಮೊದಲು ಈ ಫಿಲ್ಮನ್ನೇ ಹೇಳುತ್ತೇನೆ. ಬೋರ್ ನೀರಿನ ಬಿಳಿ ಕಲೆ ಬೀಳದಿರಲು ಕೊನೆಯ ಜಾಲನೆಗೆ ಮಾತ್ರ ಶುದ್ಧೀಕರಿಸಿದ ಕುಡಿಯುವ ನೀರು ಬಳಸುವುದು ಒಳ್ಳೆಯದು.

ಊರಿನಲ್ಲಿ ನನಗೆ ಈ ಫಿಲ್ಮು ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸುತ್ತೇನೆ. ಒಬ್ಬ ಮಾರಾಟಗಾರ ಮೇ ತಿಂಗಳಿನಲ್ಲಿ ಕಳುಹಿಸಿದ ಎರಡು ರೀಲುಗಳು ದಾರಿಯಲ್ಲಿ ಕಾದು ಬೂದು ಮಬ್ಬು ಹಿಡಿದಿದ್ದವು, ಹಣ ಮರಳಲಿಲ್ಲ. ಅಂದಿನಿಂದ ನವೆಂಬರಿನಿಂದ ಫೆಬ್ರವರಿಯೊಳಗೆ ವರ್ಷದ ಸಾಮಾನು ತರಿಸಿ ಫ್ರಿಜ್ಜಿನಲ್ಲಿಡುತ್ತೇನೆ. ಹೊರತೆಗೆದ ಮೇಲೆ ಎರಡು ಗಂಟೆ ಬಿಟ್ಟು ಡಬ್ಬಿ ಬಿಚ್ಚಬೇಕು, ಇಲ್ಲದಿದ್ದರೆ ಫಿಲ್ಮಿನ ಮೇಲೆ ಬೆವರು ಕೂಡುತ್ತದೆ. ಈ ಸಲ ಎಚ್‌ಪಿ5ರ ನಾಲ್ಕು ರೀಲುಗಳ ಜೊತೆಗೆ, ಹಗಲಿನ ಬಿಸಿಲಿಗೆಂದು ಅದೇ ಕಂಪನಿಯ 125 ವೇಗದ ಎಫ್‌ಪಿ4 ಪ್ಲಸ್ ಎರಡು ರೀಲು ತರಿಸಿಟ್ಟಿದ್ದೇನೆ.