ಹಳೆ 58 ಸಿಸಿ ಚೈನ್ ಸಾಗೆ ಆಯಿಲ್ ಪಂಪ್ ಸೆಟ್: ಕೊಳ್ಳುವ ಮುಂಚೆ

ಮಂಡ್ಯ ಕಡೆ ತೆಂಗು, ನೀಲಗಿರಿ ಕೊಯ್ಯುವ ಹಳೆ 58 ಸಿಸಿ ಮೆಷಿನ್‌ಗಳಲ್ಲಿ ಬಾರ್‌ಗೆ (ಚೈನ್ ಸುತ್ತುವ ಉದ್ದ ಪಟ್ಟಿ) ಎಣ್ಣೆ ಬರ್ತಿಲ್ಲ ಅನ್ನೋ ದೂರು ಮಾಮೂಲು. ಅದಕ್ಕೆಂದೇ ಪಂಪ್, ಅದನ್ನು ತಿರುಗಿಸುವ ವರ್ಮ್ ಗೇರ್, ಪೈಪ್, ಫಿಲ್ಟರ್ ಸೇರಿದ ಸೆಟ್ ಸಿಗುತ್ತೆ. ಪಂಪ್ ಪರವಾಗಿಲ್ಲ. ಪೈಪ್ ಮಾತ್ರ ತೆಳು, ಬಾಗಿದ ಕಡೆ ಮಡಚಿಕೊಳ್ಳುತ್ತೆ. ವರ್ಮ್ ಗೇರ್ ಪ್ಲಾಸ್ಟಿಕ್ಕಿನದಾದರೆ ಬಿಸಿಗೆ ಹಲ್ಲು ಸವೆಯುತ್ತೆ, ಲೋಹದ್ದನ್ನೇ ಕೇಳಿ.

ಆದರೆ ದುಡ್ಡು ಕೊಡುವ ಮುಂಚೆ ಬಾರ್ ಬಿಚ್ಚಿ, ಚೈನ್ ಇಲ್ಲದೆ ಇಂಜಿನ್ ಓಡಿಸಿ ಆಕ್ಸಿಲರೇಟರ್ ಕೊಡಿ. ಬಾರ್ ಕೂರುವ ಜಾಗದ ತೂತಿನಿಂದ ಎಣ್ಣೆ ಜಿನುಗಿದರೆ ಪಂಪ್ ಸರಿಯಿದೆ, ಬಾರ್ ಕಟ್ಟಿಕೊಂಡಿದೆ. ತೆಂಗಿನ ನಾರುಪುಡಿ ಎಣ್ಣೆಯಲ್ಲಿ ಕಲಸಿ ಬಾರ್‌ನ ಅಂಚಿನ ಸೀಳಿನಲ್ಲಿ ಅಂಟಿನ ಹಾಗೆ ಕೂತಿರುತ್ತೆ. ತೆಳು ತಗಡಿನಿಂದ ಕೆರೆದು, ಬಾರ್‌ನ ಎಣ್ಣೆ ತೂತಿಗೆ ತಂತಿ ಹಾಕಿ, ಪೆಟ್ರೋಲ್‌ನಲ್ಲಿ ತೊಳೆದರೆ ಸಾಕು. ಜಿನುಗದಿದ್ದರೆ ಎಣ್ಣೆ ಟ್ಯಾಂಕ್ ಮುಚ್ಚಳ ಸಡಿಲಿಸಿ ನೋಡಿ. ಆಗ ಬಂದರೆ ಗಾಳಿ ತೂತು ಮುಚ್ಚಿದೆ. ಆಮೇಲೆ ಫಿಲ್ಟರ್, ಪೈಪ್ ನೋಡಿ.

ಇಷ್ಟಾದ ಮೇಲೂ ಬರದಿದ್ದರೆ ಮಾತ್ರ ಪಂಪ್ ಬದಲಿಸಿ, ಅದಕ್ಕೆ ಮೊದಲು ಕ್ಲಚ್ ಬಿಚ್ಚಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಗಂಟಿಲ್ಲದ ಹಗ್ಗ ತುರುಕಿ ಪಿಸ್ಟನ್ ತಡೆಯಿರಿ. ಕ್ಲಚ್ಚಿಗೆ ಉಲ್ಟಾ ಥ್ರೆಡ್: ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತೆ. ಸುತ್ತಿಗೆಯಿಂದ ಹೊಡೆದರೆ ಕ್ಲಚ್ ಬಾಗುತ್ತೆ, ಬೇಡ.

ಹೊಸ ಪಂಪ್‌ಗೆ ಗ್ಯಾರೇಜಿನ ಸುಟ್ಟ ಇಂಜಿನ್ ಆಯಿಲ್ ಸುರಿಯಬೇಡಿ, ಅದರ ಲೋಹದ ಪುಡಿ ಪಂಪನ್ನೇ ತಿನ್ನುತ್ತೆ. ಚೈನ್ ಕಟ್ಟಿ, ಬಾರ್ ತುದಿಯನ್ನು ರಟ್ಟಿನ ಮೇಲೆ ಹಿಡಿದು ರೇಸ್ ಮಾಡಿದರೆ ಎಣ್ಣೆ ಗೆರೆ ಬೀಳಬೇಕು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿದಾಗ ಎಣ್ಣೆಯೂ ಬಹುತೇಕ ಖಾಲಿಯಾಗಿರಬೇಕು. ಅರ್ಧ ಉಳಿದಿದ್ದರೆ ಮತ್ತೆ ಬಿಚ್ಚಿ.